ಪಪೈರಸ್ ಹಾಳೆಯಲ್ಲಿ ಕನ್ನಡವುಂಟೆ?

ತುರ್ಭೆಯ ಈಶಾನ್ಯಕ್ಕೆ ಉಲ್ಹಾಸ ನದಿಯ ದಡದಲ್ಲಿರುವ ಕಲ್ಯಾಣವು ಪ್ರಾಚೀನ ಗ್ರೀಕರಿಗೆ ಅಪರಿಚಿತವಾದ ಊರಲ್ಲ. ಕ್ರಿ.ಶ. 1ನೆಯ ಶತಮಾನದ ‘ಪೆರಿಪ್ಲಸ್’ ಎಂಬ ಸಮುದ್ರಯಾನದ ಗ್ರಂಥದಲ್ಲಿ ಅದು ‘ಕಲ್ಲಿಯೇನ’ ಎಂದು ಉಲ್ಲೇಖಿತವಾಗಿದೆ. ಕಾನ್ಹೇರಿ ಗುಹೆಗಳ ಶಾಸನಗಳಲ್ಲಿಯೂ ಕಲ್ಯಾಣದ ದಾನಿಗಳು ಕಾಣಿಸಿಕೊಳ್ಳುತ್ತಾರೆ. ಪರದೇಶೀಯನ ಮಾತಿಗೆ ಈ ನೆಲದ ಶಿಲೆಯೇ ಸಾಕ್ಷಿಯಾಗಿ ನಿಂತಿದೆ. ಕನ್ನಡಿಗರು ಅಭಿಮಾನದಿಂದ ಉದಾಹರಿಸುವ ಇನ್ನೊಂದು ಗ್ರೀಕ್ ಆಧಾರಕ್ಕೆ ಇಂಥ ಎರಡನೆಯ ಸಾಕ್ಷಿಯುಂಟೇ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಈಜಿಪ್ಟಿನ ಆಕ್ಸಿರಿಂಕಸ್ ಎಂಬಲ್ಲಿ ದೊರೆತ 413ನೆಯ ಪಪೈರಸ್ಸನ್ನು ಗ್ರೆನ್‌ಫೆಲ್ ಮತ್ತು ಹಂಟ್ ಎಂಬ ವಿದ್ವಾಂಸರು 1903ರಲ್ಲಿ ಪ್ರಕಟಿಸಿದರು. ಅದರಲ್ಲಿರುವುದು ಒಂದು ಗ್ರೀಕ್ ಪ್ರಹಸನ. ಭಾರತದ ಕಡಲತೀರದಲ್ಲಿ ಸೆರೆಸಿಕ್ಕ ಖಾರಿಟಿಯಾನ್ ಎಂಬ ಗ್ರೀಕ್ ಸ್ತ್ರೀಯನ್ನು, ಅಲ್ಲಿನ ಅರಸನಿಗೂ ಪರಿವಾರಕ್ಕೂ ಮದ್ಯ ಕುಡಿಸಿ ಬಿಡಿಸಿಕೊಂಡು ಹೋಗುವುದೇ ಅದರ ವಸ್ತು. ತೀರವಾಸಿಗಳು ಆಡುವ ಮಾತು ಗ್ರೀಕಲ್ಲ. ಶಾಸನತಜ್ಞ ಹುಲ್ಟ್ಸ್ಚ್ 1904ರಲ್ಲಿ ಅದನ್ನು ಕನ್ನಡವೆಂದು ಸೂಚಿಸಿ, ಅದರಲ್ಲಿ ಬೇರೆ, ಕೊಂಚ, ಮಧು, ಪಾತ್ರ ಮೊದಲಾದ ಪದಗಳನ್ನು ಗುರುತಿಸಿದನು. ಮೈಸೂರಿನ ಶಾಮಶಾಸ್ತ್ರಿಗಳು ಈ ಪಕ್ಷವನ್ನು ಮುಂದುವರಿಸಿದರು. ಮಂಜೇಶ್ವರದ ಗೋವಿಂದ ಪೈಗಳೂ ಇದನ್ನು ಚರ್ಚಿಸಿದರು. ಬಾರ್ನೆಟ್ಟನು 1926ರಲ್ಲಿ ಇದನ್ನು ಅಲ್ಲಗಳೆದನು. ಹುಲ್ಟ್ಸ್ಚನ ಹೆಸರು ಕನ್ನಡ ಲೇಖನಗಳಲ್ಲಿ ಎಷ್ಟು ಪ್ರಸಿದ್ಧವೋ ಬಾರ್ನೆಟ್ಟನ ಆಕ್ಷೇಪಣೆ ಅಷ್ಟು ಪ್ರಸಿದ್ಧವಲ್ಲ.

ಆಕ್ಷೇಪಣೆಗೆ ಕಾರಣಗಳಿಲ್ಲದಿಲ್ಲ. ‘ಮಧು’, ‘ಪಾತ್ರ’ಗಳು ಸಂಸ್ಕೃತ ಶಬ್ದಗಳಾದುದರಿಂದ ಯಾವ ಭಾರತೀಯ ಭಾಷೆಯಲ್ಲಿಯೂ ಇರಬಹುದು. ‘ಬೇರೆ’ ಎಂಬುದಕ್ಕೆ ತಮಿಳಿನಲ್ಲಿಯೂ ತುಳುವಿನಲ್ಲಿಯೂ ಜ್ಞಾತಿಪದಗಳುಂಟು. ಈ ಸಂಭಾಷಣೆಯನ್ನು ತುಳುವೆಂದು ಓದಿದವರೂ ಇದ್ದಾರೆ. ಇದಕ್ಕಿಂತಲೂ ಮಿಗಿಲಾಗಿ, 2ನೆಯ ಶತಮಾನದ ಮಾತಿಗೆ ಇಂದಿನ ಕನ್ನಡದ ರೂಪಗಳನ್ನು ಹಚ್ಚಿದರೆ ನಡುವಣ ಧ್ವನಿವ್ಯತ್ಯಾಸಗಳ ಚರಿತ್ರೆಯೇ ಅಳಿಸಿಹೋಗುತ್ತದೆ.

ಗ್ರೀಕ್ ಮತ್ತು ರೋಮನ್ ರಂಗಭೂಮಿಯ ರೂಢಿಯೂ ಇಲ್ಲಿ ಗಣನೀಯ. ಕ್ರಿ.ಪೂ. 425ರ ‘ಅಕಾರ್ನಿಯನ್ಸ್’ ನಾಟಕದಲ್ಲಿ ಅರಿಸ್ಟೋಫನೀಸನು ಪಾರಸೀಕ ದೂತನ ಬಾಯಲ್ಲಿ ಆಡಿಸಿದ ಮಾತನ್ನು ಬಹುಮಟ್ಟಿಗೆ ನಗೆಯ ಗೊಣಗಾಟವೆಂದೇ ವಿದ್ವಾಂಸರು ಭಾವಿಸುತ್ತಾರೆ. ಆದರೆ ರೋಮಿನ ಪ್ಲಾಟಸನು ‘ಪೊಯೆನುಲಸ್’ ನಾಟಕದಲ್ಲಿ ಕಾರ್ಥೇಜಿನ ಹನ್ನೋನಿಂದ ಆಡಿಸಿದುದು ನಿಜವಾದ ಪ್ಯೂನಿಕ್ ಭಾಷೆ. ಪ್ಯೂನಿಕ್ ಶಾಸನಗಳು ಉಳಿದುಬಂದುದರಿಂದಲೇ ಇದನ್ನು ಪರೀಕ್ಷಿಸುವುದು ಸಾಧ್ಯವಾಯಿತು. 2ನೆಯ ಶತಮಾನದ ಕನ್ನಡಕ್ಕೆ ಅಂಥ ಶಾಸನವಿಲ್ಲ. ಹಲ್ಮಿಡಿಯ ಶಾಸನವು ಸುಮಾರು 5ನೆಯ ಶತಮಾನದ್ದು. ಆದುದರಿಂದ ಪಪೈರಸ್ಸಿನ ಮಾತು ಕನ್ನಡವಲ್ಲವೆಂದು ಶಪಥ ಮಾಡುವಂತಿಲ್ಲ, ಕನ್ನಡವೇ ಎಂದು ಸಾರುವಂತೆಯೂ ಇಲ್ಲ.

ತಾಯ್ನಾಡಿನಿಂದ ದೂರವಿರುವ ಕನ್ನಡಿಗನಿಗೆ ಭಾಷೆಯ ಪ್ರಾಚೀನತೆಯು ಕೇವಲ ಪಂಡಿತರ ವಿಷಯವಲ್ಲ. ಅನ್ಯಭಾಷಿಕರ ನಡುವೆ ಅದು ಆತನ ಮಾನದ ಪ್ರಶ್ನೆಯೂ ಹೌದು. ಆದಕಾರಣವೇ ಆಧಾರವು ಗಟ್ಟಿಯಾಗಿರಬೇಕು. ಅದೇ 2ನೆಯ ಶತಮಾನದಲ್ಲಿ ಟಾಲೆಮಿಯು ತನ್ನ ಭೂಗೋಳದಲ್ಲಿ ಬನವಾಸಿಯನ್ನು ಹೆಸರಿಸಿದ್ದಾನೆ. ಆ ಊರಿನ ಪ್ರಾಕೃತ ಶಾಸನಗಳೂ ನಾಗಾರ್ಜುನಕೊಂಡದ ಶಾಸನವೂ ಅದರ ಪುರಾತನತೆಯನ್ನು ದೃಢಪಡಿಸುತ್ತವೆ. ಬನವಾಸಿಯಲ್ಲಿ ಆಗ ಜನರು ಆಡುತ್ತಿದ್ದ ನುಡಿಯನ್ನು ಈ ಆಧಾರಗಳು ತಿಳಿಸುವುದಿಲ್ಲ. ಆದರೆ ಕನ್ನಡನಾಡಿನ ಆ ನಗರವು ದೂರದ ಅಲೆಕ್ಸಾಂಡ್ರಿಯದ ವಿದ್ವಾಂಸನಿಗೂ ತಿಳಿದಿತ್ತೆಂಬುದು ಮಾತ್ರ ನಿಸ್ಸಂದಿಗ್ಧ.