ಗೋಪುರ ಗಡಿಯಾರವೂ ವಿದ್ಯುಲ್ಲೋಲಕವೂ

ಕಾಲವನ್ನು ಅಳೆಯುವ ಬಯಕೆಯು ಮಾನವನಿಗೆ ಹೊಸದಲ್ಲ. ತಳದಲ್ಲಿ ಸೂಕ್ಷ್ಮ ರಂಧ್ರವುಳ್ಳ ಗಳಿಗೆಬಟ್ಟಲನ್ನು ನೀರಿನ ಮೇಲೆ ತೇಲಬಿಟ್ಟು, ಅದು ತುಂಬಿ ಮುಳುಗಿದೊಡನೆ ಒಂದು ಗಳಿಗೆಯಾಯಿತೆಂದು ಪೂರ್ವಿಕರು ಎಣಿಸುತ್ತಿದ್ದರು. ಒಂದು ಗಳಿಗೆಯೆಂದರೆ ಈಗಿನ 24 ನಿಮಿಷ. 60 ಗಳಿಗೆಗಳಿಗೆ ಒಂದು ಅಹೋರಾತ್ರಿ. ಜೈನಾಪುರ, ಬಬಲೇಶ್ವರ, ತಿಕೋಟಾಗಳ ಸೀಮೆಯಲ್ಲಿ ಜನರು ಗಂಟೆಯನ್ನು ಇಂದಿಗೂ ‘ತಾಸು’ ಎಂದೇ ಕರೆಯುವರು. ಊರಿಗೆಲ್ಲ ಒಂದೇ ವೇಳೆಯನ್ನು ತೋರಿಸುವ ಹೊಣೆಯು ಕಾಲಾಂತರದಲ್ಲಿ ಗೋಪುರ ಗಡಿಯಾರಗಳಿಗೆ ಬಂದಿತು. ಕನ್ನಡ ನಾಡಿನಲ್ಲಿ ಇದಕ್ಕೆ ಪ್ರಸಿದ್ಧವಾದ ನಿದರ್ಶನವು ಮೈಸೂರಿನ ದೊಡ್ಡ ಗಡಿಯಾರ. ನಾಲ್ವಡಿ ಕೃಷ್ಣರಾಜ ಒಡೆಯರ ಆಳಿಕೆಯ ರಜತಮಹೋತ್ಸವದ ಸ್ಮಾರಕವಾಗಿ 1927ರಲ್ಲಿ ಕಟ್ಟಲ್ಪಟ್ಟ ಆ ಗೋಪುರವು 75 ಅಡಿ ಎತ್ತರವಾಗಿದ್ದು, ಅದರ ಮುಖದಲ್ಲಿ ಕನ್ನಡ ಅಂಕಿಗಳೇ ಶೋಭಿಸುತ್ತಿವೆ.

ಗೋಪುರ ಗಡಿಯಾರವನ್ನು ಸರಿಯಾಗಿ ನಡೆಯಿಸುವುದು ಸುಲಭವಲ್ಲ. ಲೋಲಕದ ಒಂದೊಂದು ತೂಗಿಗೂ ಹಿಡಿಯುವ ಕಾಲವು ಮುಖ್ಯವಾಗಿ ಅದರ ಉದ್ದವನ್ನು ಅವಲಂಬಿಸಿರುವುದು. ಈ ನಿಯಮವನ್ನು ಹಿಡಿದು ಹಾಲೆಂಡಿನ ಹೈಗೆನ್ಸನು 1656ರಲ್ಲಿ ಲೋಲಕದ ಗಡಿಯಾರವನ್ನು ರಚಿಸಿದನು. ಮನೆಯೊಳಗಣ ಗಡಿಯಾರಕ್ಕೆ ಇಷ್ಟೇ ಸಾಕು. ಗೋಪುರದಲ್ಲಿಯಾದರೋ, ಬಯಲಿಗೆ ಚಾಚಿದ ಭಾರವಾದ ಮುಳ್ಳುಗಳನ್ನು ಗಾಳಿಯು ಒಮ್ಮೆ ಮುಂದಕ್ಕೂ ಒಮ್ಮೆ ಹಿಂದಕ್ಕೂ ನೂಕುವುದು. ಆ ಒತ್ತಡವು ಚಕ್ರಗಳ ಮೂಲಕ ಲೋಲಕಕ್ಕೆ ತಟ್ಟಿ ಅದರ ನಡೆಯನ್ನು ಕೆಡಿಸುವುದು. ಇದಲ್ಲದೆ ಗಡಿಯಾರವನ್ನು ನಡೆಯಿಸುವ ತೂಕದ ಗುಂಡುಗಳನ್ನು ಆಗಾಗ ಮೇಲಕ್ಕೆ ಸುತ್ತುವ ಶ್ರಮವೂ ಉಂಟು.

ಈ ಕಷ್ಟಗಳಿಗೆ ವಿದ್ಯುಚ್ಛಕ್ತಿಯಿಂದ ಪರಿಹಾರ ದೊರೆಯಿತು. ಸ್ಕಾಟ್ಲೆಂಡಿನ ಅಲೆಕ್ಸಾಂಡರ್ ಬೇನನು 1841ರಲ್ಲಿ ವಿದ್ಯುತ್ ಗಡಿಯಾರಕ್ಕೆ ಹಕ್ಕುಪತ್ರವನ್ನು ಪಡೆದನು. ಅದೇ ದಶಕದಲ್ಲಿ ಮಥಾಯಸ್ ಹಿಪ್ಪನು ಒಂದು ಜಾಣ್ಮೆಯ ಉಪಾಯವನ್ನು ಕಂಡುಹಿಡಿದನು. ಲೋಲಕಕ್ಕೆ ಸಣ್ಣದೊಂದು ನಾಲಗೆಯನ್ನು ತೂಗುಬಿಟ್ಟು, ಅದು ಹಾಯ್ದುಹೋಗುವ ದಾರಿಯಲ್ಲಿ ಕಚ್ಚುಳ್ಳ ತುಂಡೊಂದನ್ನು ಇಡುವರು. ಲೋಲಕವು ಅಗಲವಾಗಿ ತೂಗುತ್ತಿರುವವರೆಗೆ ನಾಲಗೆಯು ಆ ತುಂಡನ್ನು ದಾಟಿ ಹೋಗುವುದು. ತೂಗು ಕುಗ್ಗಿದಾಗ ನಾಲಗೆಯು ದಾಟಲಾರದೆ, ಹಿಂದಿರುಗುವಾಗ ಕಚ್ಚಿನಲ್ಲಿ ಸಿಕ್ಕಿ ತುಂಡನ್ನು ಕೆಳಕ್ಕೆ ಒತ್ತುವುದು. ಆ ಕ್ಷಣದಲ್ಲಿ ವಿದ್ಯುತ್ತಿನ ತಂತಿಗಳು ಕೂಡಿ, ಕೆಳಗಿರುವ ವಿದ್ಯುದಯಸ್ಕಾಂತವು ಲೋಲಕವನ್ನು ಸೆಳೆದು ಅದಕ್ಕೆ ಹೊಸ ವೇಗವನ್ನು ಕೊಡುವುದು. ಹೀಗೆ ಬೇಕಾದಾಗ ಬೇಕಾದಷ್ಟೇ ಶಕ್ತಿಯು ವ್ಯಯವಾಗುವುದು. ಗಾಳಿಯು ಬಲವಾಗಿ ಮುಳ್ಳುಗಳು ಭಾರವಾದರೆ ಸೆಳೆತವು ಮೇಲಿಂದ ಮೇಲೆ ಒದಗುವುದು. ಗಾಳಿ ತಗ್ಗಿದರೆ ವಿರಳವಾಗುವುದು.

ಆದರೆ ಮುಳ್ಳುಗಳ ಭಾರವನ್ನು ಹೊರುವ ಲೋಲಕವು ಕಾಲಮಾನದಲ್ಲಿ ನಿಖರವಾಗಿರಲಾರದು. ಆದುದರಿಂದ ಇಂಗ್ಲೆಂಡಿನ ಲೆಸ್ಟರ್ ನಗರದ ಜೆಂಟ್ ಸಂಸ್ಥೆಯವರು 20ನೆಯ ಶತಮಾನದ ಮೊದಲ ದಶಕದಲ್ಲಿ ಕೆಲಸವನ್ನು ಎರಡು ಲೋಲಕಗಳಿಗೆ ಹಂಚಿದರು. ಗೋಪುರದ ಲೋಲಕವು ಕೊಕ್ಕೆಯಿಂದ ಹಲ್ಲುಗಾಲಿಯನ್ನು ಒಂದೊಂದೇ ಹಲ್ಲಿನಂತೆ ನೂಕುತ್ತ ಮುಳ್ಳುಗಳನ್ನು ನಡೆಯಿಸುವುದು. ಅದನ್ನು ಬೇಕೆಂದೇ ತುಸು ವೇಗವಾಗಿ ಅಳವಡಿಸಿರುವರು. ಅರ್ಧ ನಿಮಿಷದ ನಡೆಯನ್ನು ಅದು ಸ್ವಲ್ಪ ಮೊದಲೇ ಮುಗಿಸಿದೊಡನೆ ಕೊಕ್ಕೆಯು ಮೇಲಕ್ಕೆತ್ತಲ್ಪಡುವುದು. ಲೋಲಕವು ತೂಗುತ್ತಲೇ ಇದ್ದರೂ ಮುಳ್ಳುಗಳು ನಿಂತು ಕಾಯುವುವು. ಗಾಳಿ ಸೋಕದ ಕೋಣೆಯೊಳಗಿರುವ ಮುಖ್ಯ ಗಡಿಯಾರವು ಪ್ರತಿ ಅರ್ಧ ನಿಮಿಷಕ್ಕೊಮ್ಮೆ ತಂತಿಯ ಮೂಲಕ ಸಂಕೇತವನ್ನು ಕಳುಹಿಸುವುದು. ಆ ಸಂಕೇತವು ಬಂದೊಡನೆ ಕೊಕ್ಕೆಯು ಮತ್ತೆ ಗಾಲಿಯ ಮೇಲಿಳಿದು ನಡೆಯನ್ನು ಆರಂಭಿಸುವುದು.

ಲಿವರ್‌ಪೂಲಿನ ರಾಯಲ್ ಲಿವರ್ ಸೌಧದಲ್ಲಿ 25 ಅಡಿ ವ್ಯಾಸದ ನಾಲ್ಕು ಮುಖಗಳುಳ್ಳ ಮಹಾಗಡಿಯಾರವನ್ನು ಈ ಕ್ರಮದಿಂದಲೇ ನಿರ್ಮಿಸಿದರು. ಐದನೆಯ ಜಾರ್ಜ್ ದೊರೆಯ ಪಟ್ಟಾಭಿಷೇಕದ ದಿನವಾದ 1911ನೆಯ ಜೂನ್ 22ರಂದು ಅದು ನಡೆಯತೊಡಗಿತು.

ಸ್ಫಟಿಕದ ಗಡಿಯಾರಗಳೂ ಪರಮಾಣು ಗಡಿಯಾರಗಳೂ ಬಂದ ಮೇಲೆ ಲೋಲಕದ ಪ್ರಾಧಾನ್ಯವು ತಗ್ಗಿತು. ಆದರೂ ಈ ಯಂತ್ರದ ಮರ್ಮವು ಮನನೀಯವಾದುದು. ಗೋಪುರದ ಮೇಲೆ ದುಡಿಯುವ ಲೋಲಕಕ್ಕೆ ಬಲವುಂಟು, ನಿಖರತೆ ಸಾಲದು; ಕೋಣೆಯೊಳಗಣ ಲೋಲಕಕ್ಕೆ ನಿಖರತೆಯುಂಟು, ಮುಳ್ಳುಗಳನ್ನು ಹೊರುವ ಬಲವಿಲ್ಲ. ಮುಂದೆ ಹೋದುದು ಕಾದು ನಿಲ್ಲುವುದರಿಂದಲೇ ಊರಿಗೆ ಸರಿಯಾದ ವೇಳೆಯು ದೊರೆಯುವುದು.