ಗೇರುಹಣ್ಣಿನ ರಸವೂ ಬಸಳೆಯ ಚಪ್ಪರವೂ

ಬೇಸಗೆಯಲ್ಲಿ ಪುತ್ತೂರಿನಿಂದ ಸುಳ್ಯಕ್ಕೆ ಬಸ್ಸಿನಲ್ಲಿ ಹೋದವರಿಗೆ ಒಂದು ವಾಸನೆಯ ಪರಿಚಯ ಇದ್ದೇ ಇರುತ್ತದೆ. ಕುಂಬ್ರ ದಾಟಿ ಕಾವಿನ ಕಡೆಗೆ ದಾರಿ ಏರಿಳಿಯುತ್ತಿರುವಾಗ ಅದು ಗುಡ್ಡದ ಗಾಳಿಯೊಡನೆ ಬರುತ್ತದೆ; ಅರ್ಧ ಸಿಹಿ, ಅರ್ಧ ಹುಳಿ. ಮರದಡಿಯಲ್ಲಿ ಬಿದ್ದು ಕೊಳೆಯುತ್ತಿರುವ ಗೇರುಹಣ್ಣಿನ ವಾಸನೆ ಅದು. ಬೀಜವನ್ನು ತಿರುಚಿ ಬುಟ್ಟಿಗೆ ಹಾಕಿಕೊಂಡು ಹಣ್ಣನ್ನು ಅಲ್ಲೇ ಎಸೆದುಹೋಗುವುದು ಈ ಸೀಮೆಯ ಹಳೆಯ ಪದ್ಧತಿ. ದನಗಳು ತಿಂದಷ್ಟು ತಿನ್ನುತ್ತವೆ. ಉಳಿದದ್ದು ಮಣ್ಣಿನ ಪಾಲು.

ಕೆಲವು ವರ್ಷಗಳ ಹಿಂದೆ ಅಂಥದೊಂದು ಬೇಸಗೆಯಲ್ಲಿ ನಾನು ಕಡಬದ ಬಳಿಯಿರುವ ದೊಡ್ಡಮ್ಮನ ಮನೆಗೆ ಹೋಗಿದ್ದೆ. ಆಕೆಯ ಮೊಮ್ಮಗ ಜ್ವರ ಬಿಟ್ಟು ಎದ್ದು ಕುಳಿತಿದ್ದ. ನೋಡಬಂದ ನೆಂಟರು ತಂದ ಕಿತ್ತಳೆರಸದ ಪೊಟ್ಟಣಗಳು ಜಗಲಿಯಲ್ಲಿ ಸಾಲಾಗಿ ನಿಂತಿದ್ದುವು. ದೊಡ್ಡಮ್ಮನಿಗೆ ಅದು ಸರಿಬರಲಿಲ್ಲ.

"ಬಚ್ಚಲಿನ ಹಿಂದೆ ಬಸಳೆ ಚಪ್ಪರ ಮುರಿಯುವ ಹಾಗೆ ಹಬ್ಬಿದೆ. ಮಗುವಿಗೆ ರಕ್ತ ಆಗಬೇಕಾದರೆ ಅದನ್ನು ಬೇಯಿಸಿ ಹಾಕಬೇಕು. ಪೇಟೆಯ ಬಣ್ಣದ ನೀರು ಎಂತಕ್ಕೆ?" ಎಂದಳು.

ಪುತ್ತೂರಿನಲ್ಲಿ ನೌಕರಿಯಲ್ಲಿದ್ದ ಅಣ್ಣ ನಕ್ಕ. "ರಸವೇ ಬೇಕಾದರೆ ನಮ್ಮ ಗುಡ್ಡದ ಗೇರುಹಣ್ಣು ಉಂಟಲ್ಲ ಅಮ್ಮ? ಅದರ ಎದುರು ಕಿತ್ತಳೆಯೂ ಇಲ್ಲ, ನಿನ್ನ ಬಸಳೆಯೂ ಇಲ್ಲ."

ತಾಯಿಮಗನ ವಾದ ಬೆಳೆಯಿತು. ಕೊನೆಗೆ ದೊಡ್ಡಮ್ಮ ನನ್ನತ್ತ ತಿರುಗಿ, "ನೀನು ಓದಿದವ. ರಸ ಮೇಲೋ ಬಸಳೆ ಮೇಲೋ, ನೀನೇ ಹೇಳು ಮಾರಾಯ" ಎಂದಳು. ನನಗೆ ಆಗ ಉತ್ತರ ಹೊಳೆಯಲಿಲ್ಲ. ಊರಿಗೆ ಮರಳಿದ ಮೇಲೆ ಪುಸ್ತಕಗಳನ್ನು ಹುಡುಕಿದಾಗ, ಆ ಜಗಲಿಯ ಜಗಳಕ್ಕೆ ಐನೂರು ವರ್ಷಗಳ ಚರಿತ್ರೆಯಿದೆಯೆಂದು ತಿಳಿಯಿತು.

1498ರ ಅಕ್ಟೋಬರಿನಲ್ಲಿ ವಾಸ್ಕೋ ಡ ಗಾಮನ ಹಡಗುಗಳು ನಮ್ಮ ಕಾರವಾರದ ಎದುರಿಗಿರುವ ಅಂಜದೀವ್ ದ್ವೀಪವನ್ನು ಬಿಟ್ಟು ಆಫ್ರಿಕಾದ ಕಡೆಗೆ ಹೊರಟುವು. ಗಾಳಿ ಪ್ರತಿಕೂಲವಾಗಿ, ಸಮುದ್ರದ ಮೇಲೆ ಸುಮಾರು ಮೂರು ತಿಂಗಳು ಕಳೆಯಬೇಕಾಯಿತು. ನಾವಿಕರ ವಸಡು ಊದಿ ಹಲ್ಲನ್ನು ಮುಚ್ಚಿತು, ಕೈಕಾಲು ಬಾತುವು, ಸುಮಾರು ಮೂವತ್ತು ಮಂದಿ ಸತ್ತರು. ಅದು ಸ್ಕರ್ವಿ ರೋಗ. ಒಣರೊಟ್ಟಿಯನ್ನೂ ಉಪ್ಪು ಹಾಕಿದ ಮಾಂಸವನ್ನೂ ತಿಂದುಕೊಂಡಿದ್ದವರಿಗೆ ಬೇಕಾಗಿದ್ದುದು ಹಿಡಿ ಹಸಿಸೊಪ್ಪು, ಇಲ್ಲವೆ ಒಂದು ಲೋಟ ಹಣ್ಣಿನ ರಸ. ಅದು ಅವರಿಗೆ ಗೊತ್ತಿರಲಿಲ್ಲ.

ವಿಧಿಯ ವಿನೋದವೆಂದರೆ, ಆ ರೋಗಕ್ಕೆ ಮದ್ದಾಗಬಲ್ಲ ಮರವನ್ನು ನಮ್ಮ ಕರಾವಳಿಗೆ ತಂದವರು ಅದೇ ಪೋರ್ಚುಗೀಸರು. ಗೇರು ಬ್ರೆಜಿಲಿನ ಮರ. ಅಲ್ಲಿಯ ಆದಿವಾಸಿಗಳು ಅದನ್ನು 'ಅಕಾಜು' ಎಂದರು; ಪೋರ್ಚುಗೀಸರ ಬಾಯಲ್ಲಿ ಅದು 'ಕಾಜು' ಆಯಿತು. 16ನೆಯ ಶತಮಾನದಲ್ಲಿ ಅದು ಪಶ್ಚಿಮ ಕರಾವಳಿಯಲ್ಲಿ ಬೇರೂರಿತು. ಕಾಸರಗೋಡಿನಾಚೆಯ ಮಲಯಾಳಿಗಳು 'ಪರಂಗಿಮಾವು' ಎಂದು ಕರೆದು ಅದರ ವಿದೇಶೀ ಹುಟ್ಟನ್ನು ನೆನಪಿಟ್ಟುಕೊಂಡರು. ನಾವಾದರೋ ಅದನ್ನು ಮನೆಯವನನ್ನಾಗಿಯೇ ಮಾಡಿಕೊಂಡೆವು. ನಮ್ಮ ಕಾಡಿನಲ್ಲಿ ಮೊದಲಿನಿಂದಲೂ ಕರಿಗೇರು ಎಂಬ ಮರವಿದೆ. ಅದರಲ್ಲಿಯೂ ಬೀಜ ಹಣ್ಣಿನ ಹೊರಗೇ ಜೋತಿರುತ್ತದೆ. ಸಿಪ್ಪೆಯ ಎಣ್ಣೆ ಮೈಗೆ ತಗಲಿದರೆ ಸುಡುತ್ತದೆ. ಅದೇ ಹೆಸರು ಹೊಸಬನಿಗೂ ಬಂತು.

ಇತ್ತ ರಸದ ಮಹಿಮೆ ಹಡಗುಗಳ ಮೇಲೆಯೇ ಸಿದ್ಧವಾಯಿತು. 1747ರಲ್ಲಿ ಜೇಮ್ಸ್ ಲಿಂಡ್ ಎಂಬ ವೈದ್ಯ ಸ್ಕರ್ವಿ ಹಿಡಿದ ಹನ್ನೆರಡು ನಾವಿಕರನ್ನು ಎರಡೆರಡರಂತೆ ವಿಂಗಡಿಸಿ, ಒಂದು ಜೋಡಿಗೆ ವಿನೆಗರ್, ಮತ್ತೊಂದಕ್ಕೆ ಸಮುದ್ರದ ನೀರು, ಹೀಗೆ ಬೇರೆಬೇರೆ ಮದ್ದು ಕೊಟ್ಟ. ಕಿತ್ತಳೆ ನಿಂಬೆ ತಿಂದ ಜೋಡಿ ಆರೇ ದಿನಗಳಲ್ಲಿ ಚೇತರಿಸಿತು. ಆದರೆ ಬ್ರಿಟಿಷ್ ನೌಕಾದಳ ನಿಂಬೆರಸವನ್ನು ಅಂಗೀಕರಿಸಿದ್ದು 1795ರಲ್ಲಿ! ಲಿಂಡ್ ಇನ್ನೊಂದು ತಪ್ಪನ್ನೂ ಮಾಡಿದ. ರಸ ಕೆಡದಿರಲೆಂದು ಅದನ್ನು ಕಾಯಿಸಿ ಗಟ್ಟಿಮಾಡಲು ಹೇಳಿದ. ರಸ ಉಳಿಯಿತು, ಕಾವಿಗೆ ಅದರ ಗುಣ ಬಹುಮಟ್ಟಿಗೆ ಹೋಯಿತು.

ಈ ಗುಣದ ಹೆಸರು ತಿಳಿಯಲು 20ನೆಯ ಶತಮಾನವೇ ಬರಬೇಕಾಯಿತು. ಹಂಗೇರಿಯ ಸೆಂಟ್ ಗ್ಯೋರ್ಗಿ 'ಸಿ' ಜೀವಸತ್ತ್ವವನ್ನು ಶುದ್ಧರೂಪದಲ್ಲಿ ರಾಶಿಯಾಗಿ ಪಡೆಯಲು ಹೆಣಗಾಡುತ್ತಿದ್ದ. ಹಣ್ಣಿನ ರಸದ ಸಕ್ಕರೆ ಅಡ್ಡಬರುತ್ತಿತ್ತು. ಕೊನೆಗೆ ಆತನಿಗೆ ಒದಗಿಬಂದದ್ದು ತನ್ನ ಊರಿನ ಮೆಣಸಿನಕಾಯಿ, ಒಂದು ತರಕಾರಿ! 1937ರಲ್ಲಿ ಆತನಿಗೆ ನೊಬೆಲ್ ಪಾರಿತೋಷಕ ಬಂತು. ಅದೇ ವರ್ಷ ನೀಲಗಿರಿಯ ಕೂನೂರಿನ ಪ್ರಯೋಗಶಾಲೆಯಿಂದ ಆಯ್‌ಕ್ರಾಯ್ಡ್ ಎಂಬುವರು ಭಾರತೀಯ ಆಹಾರಗಳ ಪೋಷಕಾಂಶಗಳ ಪಟ್ಟಿಯನ್ನು ಪ್ರಕಟಿಸಿದರು. ಆ ಪ್ರಯೋಗಶಾಲೆ 1958ರಲ್ಲಿ ಹೈದರಾಬಾದಿಗೆ ಹೋಯಿತು. ಪಟ್ಟಿ ಮತ್ತೆ ಮತ್ತೆ ಪರಿಷ್ಕಾರಗೊಂಡು 2017ರಲ್ಲಿ ಹೊಸ ರೂಪದಲ್ಲಿ ಬಂತು.

ಇನ್ನು ದೊಡ್ಡಮ್ಮನ ಪ್ರಶ್ನೆಗೆ ಬರೋಣ. 100 ಮಿಲಿಲೀಟರ್ ಕಿತ್ತಳೆರಸದಲ್ಲಿ ಸುಮಾರು 50 ಮಿಲಿಗ್ರಾಂ 'ಸಿ' ಜೀವಸತ್ತ್ವವಿದ್ದರೆ, ಅಷ್ಟೇ ಗೇರುಹಣ್ಣಿನ ರಸದಲ್ಲಿ ಸುಮಾರು 200 ಇರುತ್ತದೆ. ವಯಸ್ಕರಿಗೆ ದಿನಕ್ಕೆ ಬೇಕಾದದ್ದು 65ರಿಂದ 80. ಅಂದರೆ ಅರ್ಧ ಲೋಟವೇ ಧಾರಾಳ. 100 ಗ್ರಾಂ ಹಸಿ ಬಸಳೆಯಲ್ಲಿ ಸುಮಾರು 90ರಿಂದ 100 ಮಿಲಿಗ್ರಾಂ ಇದೆ. ಒಲೆಯ ಮೇಲೆ ಅದರ ದೊಡ್ಡ ಪಾಲು ನಷ್ಟವಾಗುತ್ತದೆ. ಇಷ್ಟರಮಟ್ಟಿಗೆ ಅಣ್ಣನೇ ಗೆದ್ದ.

ಆದರೆ ಪಟ್ಟಿಯನ್ನು ಒಂದೇ ಅಂಕಣದಲ್ಲಿ ಓದಿ ಮುಚ್ಚಿಡಬಾರದು. ಕಣ್ಣಿಗೆ ಬೇಕಾದ 'ಎ' ಜೀವಸತ್ತ್ವವನ್ನು ದೇಹ ತಯಾರಿಸಿಕೊಳ್ಳುವುದು ಕ್ಯಾರೊಟೀನಿನಿಂದ. ಅದು ಬಸಳೆಯಲ್ಲಿ ಸಮೃದ್ಧ, ಗೇರುರಸದಲ್ಲಿ ಅತ್ಯಲ್ಪ. ಅದು ಬೇಯಿಸಿದರೆ ಬೇಗ ಹಾಳಾಗದು. ತೆಂಗಿನಕಾಯಿಯ ಜಿಡ್ಡು ಸೇರಿದರೆ ಮೈಗೆ ಇನ್ನೂ ಚೆನ್ನಾಗಿ ಹತ್ತುತ್ತದೆ. ಕಾಯಿ ಅರೆದುಹಾಕಿ ಬಸಳೆ ಬೇಯಿಸುವ ನಮ್ಮ ಹೆಂಗಸರು ಯಾವ ಪಟ್ಟಿಯನ್ನೂ ಓದಿರಲಿಲ್ಲ! ಸುಣ್ಣದ ಸತ್ತ್ವ, ನಾರು, ಕಬ್ಬಿಣ, ಇವೆಲ್ಲವುಗಳಲ್ಲಿಯೂ ಸೊಪ್ಪೇ ಮುಂದು. ಆದರೆ ಸೊಪ್ಪಿನ ಕಬ್ಬಿಣವನ್ನು ದೇಹ ಸುಲಭವಾಗಿ ಹೀರಿಕೊಳ್ಳದು. ಹೀರಿಕೊಳ್ಳಲು ನೆರವಾಗುವುದು ಯಾವುದು? ಅದೇ 'ಸಿ' ಜೀವಸತ್ತ್ವ. ಆದ್ದರಿಂದ ಊಟದ ಜೊತೆಗೆ ರಸ ಕುಡಿದರೆ ಬಸಳೆಯ ಗುಣವೂ ಹೆಚ್ಚುತ್ತದೆ. ಜಗಲಿಯಲ್ಲಿ ಎದುರಾಳಿಗಳಾಗಿದ್ದವರು ಹೊಟ್ಟೆಯಲ್ಲಿ ಸಂಗಾತಿಗಳು.

ಹಾಗಿದ್ದರೆ ಇಂಥ ಹಣ್ಣನ್ನು ನಾವು ತುಳಿದುಕೊಂಡೇ ನಡೆದದ್ದೇಕೆ? ಹಣ್ಣಿನ ಒಗರು ಗಂಟಲನ್ನು ಕೆರೆಯುತ್ತದೆ. ಮರುದಿನಕ್ಕೆ ಅದು ಉಳಿಯುವುದಿಲ್ಲ. ಹುಳಿಬಂದ ರಸಕ್ಕೆ ಸಾರಾಯಿಯ ಅಪಕೀರ್ತಿಯೂ ಅಂಟಿತು. ಇವೆಲ್ಲ ನಿಜ. ಆದರೆ ಮುಖ್ಯ ಕಾರಣ ಬೇರೆ. ಮಂಗಳೂರಿನಲ್ಲಿ ಕಾರ್ಖಾನೆಗಳು ಎದ್ದು ಬೀಜ ಹಡಗು ಹತ್ತಿದಂದಿನಿಂದ ಮರದ ಬೆಲೆಯೆಲ್ಲ ಬೀಜಕ್ಕೇ ಸಂದಿತು. ಹಣ್ಣಿನ ತೂಕ ಬೀಜದ ಎಷ್ಟೋ ಪಟ್ಟು, ಅದಕ್ಕೆ ಬೆಲೆಯಿಲ್ಲ. ಪೇಟೆ ಕೇಳದ ವಸ್ತು ನಮ್ಮ ಕಣ್ಣಿಗೂ ಕಸವಾಯಿತು. ಪುತ್ತೂರಿನಲ್ಲಿಯೇ 1986ರಲ್ಲಿ ರಾಷ್ಟ್ರೀಯ ಗೇರು ಸಂಶೋಧನ ಕೇಂದ್ರ ಆರಂಭವಾಯಿತು. ಅಂಥ ಕೇಂದ್ರಗಳ ವಿಜ್ಞಾನಿಗಳು ಹಣ್ಣಿನ ಉಪಯೋಗವನ್ನೂ ತಿಳಿಸುತ್ತಲೇ ಬಂದಿದ್ದಾರೆ. ಒಗರು ತೆಗೆಯುವ ಉಪಾಯವೂ ಕಷ್ಟದ್ದಲ್ಲ: ರಸಕ್ಕೆ ಗಂಜಿತೆಳಿಯನ್ನೋ ಬೇಯಿಸಿದ ಸಬ್ಬಕ್ಕಿಯನ್ನೋ ಬೆರೆಸಿಟ್ಟರೆ ಒಗರು ತಳಕ್ಕಿಳಿಯುತ್ತದೆ, ತಿಳಿಯನ್ನು ಬಸಿದುಕೊಂಡರಾಯಿತು. ಅಷ್ಟರಲ್ಲಿ ಸುಳ್ಯ, ಕಡಬಗಳ ಎಷ್ಟೋ ಗುಡ್ಡಗಳಲ್ಲಿ ಗೇರು ಹೋಗಿ ರಬ್ಬರು ನಿಂತಿದೆ. ಹಣ್ಣಿನ ಬೆಲೆ ನಮಗೆ ತಿಳಿಯುವ ಹೊತ್ತಿಗೆ ಮರವೇ ಉಳಿಯದಿರಬಹುದು ಎಂಬುದೇ ನನ್ನ ಆತಂಕ.

ಮರುವರ್ಷದ ಬೇಸಗೆಯಲ್ಲಿ ನನ್ನ ತೀರ್ಪನ್ನು ದೊಡ್ಡಮ್ಮನಿಗೆ ಒಪ್ಪಿಸಿದೆ. ಆಕೆ ಮಾತನಾಡದೆ ಒಳಗೆ ಹೋದಳು. ಮಧ್ಯಾಹ್ನದ ಎಲೆಯಲ್ಲಿ ಬಸಳೆಯ ಪದಾರ್ಥವಿತ್ತು. ಪಕ್ಕದಲ್ಲಿ ಗಂಜಿತೆಳಿಯಲ್ಲಿ ತಿಳಿಗೊಳಿಸಿದ, ಹೊಂಬಣ್ಣದ ರಸದ ಲೋಟವಿತ್ತು. ಮೊಮ್ಮಗ ಗಟಗಟನೆ ಕುಡಿದು ಲೋಟವನ್ನು ಮತ್ತೆ ಮುಂದೆ ಚಾಚಿದ.

"ಮೊದಲು ಬಸಳೆ ಮುಗಿಸು" ಎಂದಳು ದೊಡ್ಡಮ್ಮ.