ಮುತ್ತು ಕಟ್ಟುವ ಪದ್ಧತಿಯೂ ಸರಕಾರದ ಶಾಸನಗಳೂ: ಬೆಳಗಾವಿ ಸೀಮೆಯ ಒಂದು ವಿಚಾರ

ಸ್ತ್ರೀಯರ ಮೇಲಣ ಹಿಂಸೆಯೆಂದೊಡನೆ ಹೊಡೆತ, ಬಡಿತ, ಅಪಹರಣಗಳನ್ನೇ ನೆನೆಯುವುದು ವಾಡಿಕೆ. ಆದರೆ ಭಕ್ತಿಯ ಹೆಸರಿನಲ್ಲಿ, ಹೆತ್ತವರ ಕೈಯಿಂದಲೇ, ಬಾಲಿಕೆಯ ಕೊರಳಿಗೆ ಮುತ್ತು ಕಟ್ಟಿಸಿ, ಅವಳನ್ನು ದೇವದಾಸಿಯಾಗಿ ದೇವಿಗೆ ಅರ್ಪಿಸಿ, ಅವಳ ಮುಂದಿನ ಬಾಳನ್ನೆಲ್ಲ ಪರಾಧೀನಗೊಳಿಸುವ ಕ್ರಮವು ಅವೆಲ್ಲಕ್ಕಿಂತ ದೀರ್ಘಕಾಲದ ಹಿಂಸೆಯೆಂಬುದನ್ನು, ಸವದತ್ತಿಯ ಯಲ್ಲಮ್ಮನ ಗುಡ್ಡವನ್ನು ತನ್ನ ಒಡಲಲ್ಲೇ ಇರಿಸಿಕೊಂಡಿರುವ ಬೆಳಗಾವಿ ಜಿಲ್ಲೆಯು ಅನ್ಯರಿಂದ ಕಲಿಯಬೇಕಾದುದಿಲ್ಲ.

ಮೈಸೂರು ಸಂಸ್ಥಾನವು ಇಪ್ಪತ್ತನೆಯ ಶತಮಾನದ ಆರಂಭದಲ್ಲಿಯೇ ಮುಜರಾಯಿ ದೇವಾಲಯಗಳಲ್ಲಿನ ದೇವದಾಸಿಯರ ಸೇವೆಯನ್ನು ನಿಲ್ಲಿಸಿತ್ತು. ಬೆಳಗಾವಿಯಾದರೋ ಆಗ ಮುಂಬಯಿ ಆಧಿಪತ್ಯಕ್ಕೆ ಸೇರಿದ್ದಿತು. ಇಲ್ಲಿಗೆ ಮೊದಲು ಬಂದ ಶಾಸನವೆಂದರೆ 1934ರ ಮುಂಬಯಿ ದೇವದಾಸಿ ಸಂರಕ್ಷಣಾ ಕಾಯಿದೆ. ದೇವರಿಗೆ ಹೆಣ್ಣನ್ನು ಅರ್ಪಿಸುವ ವಿಧಿಯನ್ನು ಅದು ನಿಷಿದ್ಧವೆಂದು ಸಾರಿತಲ್ಲದೆ, ಅಂತಹ ಸ್ತ್ರೀಯು ಮಾಡಿಕೊಂಡ ವಿವಾಹವು ಸಿಂಧುವೆಂದೂ ವಿಧಿಸಿತು. ಈ ಎರಡನೆಯ ಮಾತು ನನಗೆ ಮೊದಲನೆಯದಕ್ಕಿಂತ ಮಹತ್ತರವಾಗಿ ತೋರುತ್ತದೆ. ಆದರೆ ಶಾಸನದ ವ್ಯಾಪ್ತಿಯು ಪ್ರಾಂತದ ಎಲ್ಲೆಗೇ ನಿಂತಿತ್ತು. ಇಂದು ಬೆಳಗಾವಿಗೆ ಹೊಂದಿಕೊಂಡಂತೆ ಒಂದೇ ನಗರವಾಗಿ ಬೆಳೆದಿರುವ ಶಹಾಪುರವು ಅಂದು ಸಾಂಗಲಿ ಸಂಸ್ಥಾನದ ಊರು; ಸವದತ್ತಿಯ ನೆರೆಯ ರಾಮದುರ್ಗವು ತಾನೇ ಒಂದು ಸಂಸ್ಥಾನ. 1948ರಲ್ಲಿ ಇವು ವಿಲೀನಗೊಳ್ಳುವ ತನಕ, ಮುಂಬಯಿ ಸರಕಾರವು ನಿಷೇಧಿಸಿದುದು ನಾಲ್ಕು ಹೆಜ್ಜೆಯಾಚೆ ತಾನಾಗಿಯೇ ನಿಷಿದ್ಧವಾಗುತ್ತಿರಲಿಲ್ಲ.

ರಾಜ್ಯದ ಏಕೀಕರಣವು 1956ರಲ್ಲಿ ಆದರೂ ಶಾಸನಗಳ ಏಕೀಕರಣಕ್ಕೆ ಇನ್ನೂ ಕಾಲು ಶತಮಾನ ಹಿಡಿಯಿತು. ಸಮರ್ಪಣೆಯನ್ನು ನಿಷೇಧಿಸುವ 1982ರ ಕರ್ನಾಟಕ ಕಾಯಿದೆಯು 1984ರಲ್ಲಿ ಜಾರಿಗೆ ಬಂದಿತು. ಹೆಣ್ಣಿನ ಸಮ್ಮತಿಯಿದ್ದರೂ ಸಮರ್ಪಣೆಯು ಅಪರಾಧವೇ ಎಂದು ಅದು ನಿರ್ಧರಿಸಿತು. ಸಾಮಾನ್ಯರಿಗೆ ಮೂರು ವರ್ಷಗಳವರೆಗಿನ ಸೆರೆವಾಸವಾದರೆ, ತಾಯಿತಂದೆಗಳಿಗೂ ಪೋಷಕರಿಗೂ ಬಂಧುಗಳಿಗೂ ಎರಡು ವರ್ಷಗಳಿಗೆ ಕಡಿಮೆಯಿಲ್ಲದಂತೆ ಐದು ವರ್ಷಗಳವರೆಗಿನ ಶಿಕ್ಷೆಯಿತ್ತು. ನ್ಯಾಯದೃಷ್ಟಿಯಿಂದ ಇದು ಯುಕ್ತವೇ. ಆದರೆ ಹೆತ್ತವರನ್ನು ಸೆರೆಮನೆಗೆ ಕಳುಹಿಸುವ ದೂರನ್ನು ಎಳೆಯ ಹುಡುಗಿಯು ಠಾಣೆಗೆ ಹೋಗಿ ಬರೆಯಿಸುವಳೆಂದು ನಂಬುವುದು ಎಷ್ಟರಮಟ್ಟಿಗೆ ಸಾಧ್ಯ? ಸವದತ್ತಿಯ ಜೋಗುಳಬಾವಿಯಲ್ಲಿ ಮಿಂದು ಯಲ್ಲಮ್ಮನ ಗುಡ್ಡವೇರಿ ಬಹಿರಂಗವಾಗಿ ನಡೆಯುತ್ತಿದ್ದ ವಿಧಿಯು, ಪೋಲೀಸರ ಕಾವಲು ಬಿಗಿಯಾದಂತೆ, ಮನೆಯೊಳಕ್ಕೂ ಓಣಿಯ ಚಿಕ್ಕ ಗುಡಿಗಳಿಗೂ ಸರಿದುಹೋಯಿತು.

ಸರ್ವೋಚ್ಚ ನ್ಯಾಯಾಲಯವು 1990ರಲ್ಲಿ, ವಿಶಾಲ್ ಜೀತ್ ಪ್ರಕರಣದಲ್ಲಿ, ದೇವದಾಸಿ ಹಾಗೂ ಜೋಗಿಣಿ ಪದ್ಧತಿಗಳ ವಿಷಯವಾಗಿ ಸರಕಾರಗಳನ್ನು ಎಚ್ಚರಿಸಿದ ತರುವಾಯ ದೃಷ್ಟಿಯು ದಂಡದಿಂದ ಪುನರ್ವಸತಿಯತ್ತ ಹೊರಳಿತು. ರಾಜ್ಯ ಮಹಿಳಾ ಅಭಿವೃದ್ಧಿ ನಿಗಮವು ಕೈಗೊಂಡ ಯೋಜನೆ, ಮೈರಾಡಾ ಎಂಬ ಸ್ವಯಂಸೇವಾ ಸಂಸ್ಥೆಯ ನೆರವು, ಸ್ವಸಹಾಯ ಸಂಘಗಳು, ಸಾಲ, ಮನೆ, ಮಾಸಾಶನ ಇವೆಲ್ಲ ಕ್ರಮೇಣ ಬಂದುವು. ಇವುಗಳಲ್ಲಿ ನಾನು ಹೆಚ್ಚು ಬೆಲೆ ಕೊಡುವುದು, ಮಾಜಿ ದೇವದಾಸಿಯರೇ ಕೂಡಿ ಕಟ್ಟಿದ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆಗೆ. ಏಕೆಂದರೆ ಯಾವ ಮನೆಯಲ್ಲಿ ಯಾವ ಹುಡುಗಿಯ ತಲೆಗೂದಲು, ದೇವಿಯ ಕರೆಯೆಂದು ಜನ ಬಗೆಯುವಂತೆ, ಜಡೆಗಟ್ಟಿದೆ, ಯಾರ ಮನೆಯಲ್ಲಿ ಹರಕೆಯ ಮಾತು ಎದ್ದಿದೆ ಎಂಬುದು ತಹಶೀಲದಾರರಿಗಿಂತ ಮುಂಚೆ ತಿಳಿಯುವುದು ಈ ಹೆಂಗಸರಿಗೆ. ಬಾಲ್ಯದಲ್ಲಿ ತಾವೇ ಸಮರ್ಪಿತರಾಗಿದ್ದು ಆ ಸಂಸ್ಥೆಯನ್ನು ಮುನ್ನಡೆಸಿದ ಸೀತವ್ವ ಜೋಡಟ್ಟಿಯವರಿಗೆ 2018ರಲ್ಲಿ ಪದ್ಮಶ್ರೀ ಪ್ರಶಸ್ತಿಯು ಸಂದಿತು.

ದೇವದಾಸಿಯರ ಗಣತಿಯ ಸಂಗತಿಯು ಇನ್ನೊಂದು ಬಗೆಯಾಗಿ ಬೋಧಪ್ರದ. 1993-94ರ ಸಮೀಕ್ಷೆಯಲ್ಲಿ ರಾಜ್ಯದಲ್ಲಿ ದೊರೆತವರು 22,873 ಮಂದಿ. 2007-08ರಲ್ಲಿ ಮತ್ತೆ 23,787 ಮಂದಿ ಸೇರಿ ಒಟ್ಟು 46,660 ಆಯಿತು. ಪದ್ಧತಿಯು ಇಮ್ಮಡಿಸಿತೆಂದು ಇದರಿಂದ ಊಹಿಸುವುದು ಅವಸರದ ಮಾತು. ಮೊದಲು ಮರೆಯಲ್ಲಿದ್ದವರು, ಸವಲತ್ತಿನ ಭರವಸೆಯುಂಟಾದ ಮೇಲೆ, ಹೊರಗೆ ಬಂದಿರುವುದೂ ಸಂಭಾವ್ಯವೇ. ಆದರೆ 1984ರ ಈಚೆಗೆ ಮುತ್ತು ಕಟ್ಟಿಸಿಕೊಂಡವಳು ಆ ಪಟ್ಟಿಯಲ್ಲಿ ತನ್ನ ಹೆಸರನ್ನು ಬರೆಯಿಸುವಾಗ ಹೆತ್ತವರ ಅಪರಾಧವನ್ನೂ ಬರೆಯಿಸಿದಂತಾಗುವುದರಿಂದ, ನೆರವು ಅತ್ಯಂತ ಅವಶ್ಯವಾಗಿರುವ ತರುಣಿಯೇ ಸರಕಾರದ ಲೆಕ್ಕದಿಂದ ಹೊರಗುಳಿಯುತ್ತಾಳೆ.